ಕಾಣಿಕೆ ನಿಲ್ಲಿಸಿದ ಮನೆಗಳನ್ನು ಹುಡುಕಿಕೊಂಡು ಹೋದ ವರ್ಷ

ನಮ್ಮದು ಕರಾವಳಿಯ ಮಧ್ಯಮ ಗಾತ್ರದ ಒಂದು ಪ್ರೊಟೆಸ್ಟೆಂಟ್ ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಮನೆಗಳ ಕೂಟ. ತಿಂಗಳ ಸಭಾ ಚಂದಾ, ಭಾನುವಾರದ ಕಾಣಿಕೆ, ಕೃತಜ್ಞತಾ ಕಾಣಿಕೆ, ಬೆಳೆ ಹಬ್ಬದ ಹರಾಜು, ಇಷ್ಟೇ ಆದಾಯ. ಅಯ್ಯನವರ (ಪಾದ್ರಿಯವರ) ಸಂಬಳಕ್ಕೆಂದು ಡಯಾಸಿಸಿಗೆ (ಬಿಷಪ್ಪರ ಆಡಳಿತ ಪ್ರಾಂತಕ್ಕೆ) ಕಟ್ಟುವ ಪಾಲು, ಕರೆಂಟ್ ಬಿಲ್ಲು, ಚಾವಣಿ ರಿಪೇರಿ, ಸಂಡೇ ಸ್ಕೂಲಿನ ಪುಸ್ತಕ, ಕಷ್ಟದಲ್ಲಿರುವ ಮನೆಗಳ ಔಷಧಿ ಮತ್ತು ಮಕ್ಕಳ ಫೀಸು ಎಲ್ಲವೂ ಅದರಿಂದಲೇ ನಡೆಯಬೇಕು. ಕೊಡುವವರು ವರ್ಷದಿಂದ ವರ್ಷಕ್ಕೆ ಕೈಬಿಟ್ಟು ಹೋಗದಂತೆ ಏನು ಮಾಡಬಹುದು ಎಂದು ಪಾಸ್ಟರೇಟ್ ಕಮಿಟಿ (ಸಭೆಯ ಆಡಳಿತ ಸಮಿತಿ) ಕಳೆದ ಆರ್ಥಿಕ ವರ್ಷವಿಡೀ ಕೆಲಸ ಮಾಡಿತು. ಲೆಕ್ಕದ ಆಡಿಟ್ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಇಳಿಯುವ ಬೇರೆ ಸಭೆಗಳ ಖಜಾಂಚಿಗಳಿಗೆ, ಕಾರ್ಯದರ್ಶಿಗಳಿಗೆ ಎಲ್ಲಿ ತಡವಾಗುತ್ತದೆ, ಯಾವ ಕಾಗದ ಬೇಕು, ಏನು ಕೈಕೊಡುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಮೊದಲ ಕೆಲಸ ಹಳೆಯ ಲೆಕ್ಕ ಓದುವುದು. ಸಭೆಗಳ ವಾರ್ಷಿಕ ವರದಿಯಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ. ಅದು ಏರುತ್ತಿದ್ದರೆ ಎಲ್ಲರೂ ನೆಮ್ಮದಿಯಲ್ಲಿರುತ್ತಾರೆ. ನೋಡಬೇಕಾದ ಅಂಕಿ ಬೇರೆ: ಹೋದ ವರ್ಷ ಕೊಟ್ಟ ಮನೆಗಳ ಪೈಕಿ ಈ ವರ್ಷವೂ ಕೊಟ್ಟ ಮನೆಗಳೆಷ್ಟು? ಒಂದು ಉದಾಹರಣೆ ಹೇಳುತ್ತೇನೆ. ಹೋದ ವರ್ಷ 120 ಮನೆಗಳು ಕೊಟ್ಟಿವೆ, ಅವುಗಳಲ್ಲಿ ಈ ವರ್ಷ 93 ಕೊಟ್ಟಿವೆ ಎನ್ನಿ. ಉಳಿದುಕೊಂಡವರು ನೂರಕ್ಕೆ 77.5. ಇದೇ ವರ್ಷ ಒಬ್ಬರು ಚಾವಣಿಗೆಂದು ಒಂದು ಲಕ್ಷ ಕೊಟ್ಟಿದ್ದರೆ ಒಟ್ಟು ಮೊತ್ತ ಹೆಚ್ಚಾಗಿಯೇ ಕಾಣುತ್ತದೆ, 27 ಮನೆಗಳು ನಿಂತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಕಟ್ಟಡ ನಿಧಿ, ಹರಾಜು, ವಿಶೇಷ ಕೊಡುಗೆಗಳನ್ನು ಬದಿಗಿಟ್ಟು ಚಂದಾ ಮತ್ತು ಮನೆಯವರು ಕವರಿನಲ್ಲಿ ಹಾಕಿ ಕೊಡುವ ಕಾಣಿಕೆಯನ್ನಷ್ಟೇ ಮನೆವಾರು ಬರೆಯಬೇಕು. ಮೂರು ವರ್ಷದ ರಸೀದಿ ಪುಸ್ತಕಗಳಿದ್ದರೆ ಸಾಕು, ಅದಕ್ಕಿಂತ ಹಿಂದೆ ಹೋದರೆ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ.

ಈ ಪಟ್ಟಿ ಮಾಡುವಾಗ ತಲೆನೋವು ಹೆಸರುಗಳದು. ಒಂದೇ ಮನೆ ಒಂದು ವರ್ಷ ತಂದೆಯ ಹೆಸರಲ್ಲಿ, ಮರುವರ್ಷ ಸೊಸೆಯ ಹೆಸರಲ್ಲಿ, ಯುಪಿಐ ಬಂದ ಮೇಲೆ ಬೆಂಗಳೂರಿನಲ್ಲಿರುವ ಮಗನ ಹೆಸರಲ್ಲಿ ಇರುತ್ತದೆ. ಹೆಸರು ಹಿಡಿದು ಎಣಿಸಿದರೆ ಒಬ್ಬರು ನಿಲ್ಲಿಸಿದಂತೆಯೂ ಇನ್ನೊಬ್ಬರು ಹೊಸದಾಗಿ ಸೇರಿದಂತೆಯೂ ತೋರುತ್ತದೆ. ಆದ್ದರಿಂದ ಪ್ರತಿ ಮನೆಗೂ ಒಂದು ಕುಟುಂಬ ಸಂಖ್ಯೆ ಕೊಡಿ. ಸಭಾ ರಿಜಿಸ್ಟರಿನ ಪುಟ ಸಂಖ್ಯೆಯನ್ನು ಬಳಸಬೇಡಿ, ರಿಜಿಸ್ಟರ್ ಬದಲಾದಾಗ ಅದೂ ಬದಲಾಗುತ್ತದೆ. ವಾರ್ಡಿನ ಒಂದು ಅಕ್ಷರ, ಮುಂದೆ ಮೂರು ಅಂಕಿ ಇದ್ದರೆ ಸಾಕು. ಮನೆ ಬೇರೆಯಾದರೆ ಹೊಸ ಸಂಖ್ಯೆ ಕೊಡಿ, ಹಳೆಯದನ್ನು ಇನ್ನೊಂದು ಮನೆಗೆ ಎಂದೂ ಕೊಡಬೇಡಿ.

ಮುಂದಿನ ಪ್ರಶ್ನೆ, ಯಾರನ್ನು ನಿಲ್ಲಿಸಿದವರೆಂದು ಎಣಿಸಬೇಕು? ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಇಲ್ಲಿ ತಪ್ಪುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ದುಡಿಮೆ ನಂಬಿದ ಮನೆಯಿಂದ ಆ ಎರಡು ತಿಂಗಳು ಕವರು ಬಾರದಿದ್ದರೆ ಅದು ನಿಂತದ್ದಲ್ಲ. ಅಡಿಕೆ ತೋಟದವರು ಕೊಯ್ಲು, ಮಾರಾಟ ಆದ ಮೇಲೆ ಒಟ್ಟಿಗೆ ಕೊಡುತ್ತಾರೆ. ಬೀಡಿ ಕಟ್ಟುವವರಿಗೆ ವಾರಕ್ಕೊಮ್ಮೆ ಕೈಗೆ ಹಣ ಬರುತ್ತದೆ, ಅವರಿಗೆ ತಿಂಗಳ ಕವರಿಗಿಂತ ವಾರದ ಕವರೇ ಅನುಕೂಲ. ಗಲ್ಫಿನಲ್ಲಿರುವವರು ರಜೆಗೆ ಬಂದಾಗ ವರ್ಷದ್ದನ್ನು ಒಮ್ಮೆಲೇ ಹಾಕುತ್ತಾರೆ. ಹೀಗಾಗಿ ಪ್ರತಿ ಮನೆಯ ಎದುರಿಗೆ ‘ವಾರ, ತಿಂಗಳು, ಹಂಗಾಮು, ರಜೆ’ ಎಂದು ಅವರ ರೂಢಿ ಗುರುತು ಹಾಕಿ. ಆ ರೂಢಿಯಂತೆ ಎರಡು ಸಲ ತಪ್ಪಿದರೆ ಮಾತ್ರ ವಿಚಾರಿಸುವ ಪಟ್ಟಿಗೆ ಸೇರಿಸಿ. ಸಂಬಳದಾರರ ಮನೆಯಾದರೆ ಎರಡು ತಿಂಗಳು. ಆರು ತಿಂಗಳು ಕಾಯುವುದು ತೀರಾ ತಡ. ಆ ಹೊತ್ತಿಗೆ ಬಾಕಿ ದೊಡ್ಡದಾಗಿರುತ್ತದೆ, ಬಾಕಿಯ ನಾಚಿಕೆಯಿಂದಲೇ ಜನ ಚರ್ಚಿಗೆ ಬರುವುದನ್ನೂ ಕಡಿಮೆ ಮಾಡುತ್ತಾರೆ. ಸಭೆಯ ಚುನಾವಣೆಯ ಮತದಾರರ ಪಟ್ಟಿಗೆ ಸೇರಲು ಚಂದಾ ಕಟ್ಟಿರಬೇಕೆಂಬ ನಿಯಮವಿರುವ ಸಭೆಗಳಲ್ಲಿ ಈ ನಾಚಿಕೆ ಇನ್ನೂ ಹೆಚ್ಚು.

ವಿಚಾರಿಸುವ ಕೆಲಸವನ್ನು ಖಜಾಂಚಿಗೆ ಒಪ್ಪಿಸಬೇಡಿ. ಖಜಾಂಚಿಯ ಫೋನು ಬಂತೆಂದರೆ ಅದು ವಸೂಲಿ ಎಂದೇ ಮನೆಯವರಿಗೆ ಅನಿಸುತ್ತದೆ. ವಾರ್ಡಿನ ಹಿರಿಯರು ಇಲ್ಲವೇ ಸ್ತ್ರೀ ಸಂಘದವರು ಮಾಡಿದರೆ ಚೆನ್ನ. ಅವರ ಕೈಗೆ ಕೊಡುವ ಪಟ್ಟಿಯಲ್ಲಿ ಮೊತ್ತ ಇರಕೂಡದು, ಹೆಸರು ಮತ್ತು ಫೋನ್ ನಂಬರ್ ಮಾತ್ರ. ಮಾತು ಕ್ಷೇಮಸಮಾಚಾರದಿಂದ ಶುರುವಾಗಿ, ಹಣದ ಪ್ರಸ್ತಾಪವಿಲ್ಲದೆ ಮುಗಿದರೂ ಪರವಾಗಿಲ್ಲ. ಅಂಥ ಒಂದು ಫೋನ್ ಮಾತುಕತೆ ಹೀಗಿತ್ತು.

“ಆಂಟಿ, ನಮಸ್ಕಾರ. ಚರ್ಚಿನಿಂದ ಮಾತಾಡ್ತಿದ್ದೇನೆ. ಹುಷಾರಿದ್ದೀರಾ? ಆರಾಧನೆಯಲ್ಲಿ ಕಾಣಲೇ ಇಲ್ಲ.”

“ಮೊಣಕಾಲು ನೋವು ಮಗಾ, ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ. ಕವರು ಇಲ್ಲೇ ಡ್ರಾಯರಿನಲ್ಲಿ ಉಂಟು. ತಿಂಗಳು ತಿಂಗಳು ಹಾಕಿ ಇಟ್ಟಿದ್ದೇನೆ. ತೆಕ್ಕೊಂಡು ಹೋಗಲಿಕ್ಕೆ ಯಾರೂ ಬರಲಿಲ್ಲ.”

ಲೆಕ್ಕದ ಪುಸ್ತಕದಲ್ಲಿ ಈ ಮನೆ ನಿಲ್ಲಿಸಿದವರ ಸಾಲಿನಲ್ಲಿತ್ತು. ನಿಂತ ಮನೆಗಳಿಂದ ಕೇಳಿಬಂದ ಕಾರಣಗಳಲ್ಲಿ ಸಭೆಯ ಮೇಲಿನ ಸಿಟ್ಟು ಎಲ್ಲರೂ ಊಹಿಸುವಷ್ಟು ಇರಲಿಲ್ಲ. ವಯಸ್ಸಾಗಿ ಹೊರಗೆ ಬರಲಾಗದ್ದು, ಚಂದಾ ತರುತ್ತಿದ್ದ ಯಜಮಾನರು ತೀರಿಕೊಂಡದ್ದು, ಕೆಲಸಕ್ಕಾಗಿ ಊರು ಬಿಟ್ಟದ್ದು, ಕವರು ಮುಗಿದು ಹೊಸದು ಸಿಗದೇ ಹೋದದ್ದು, ಹಾಕಿದ ಹಣಕ್ಕೆ ರಸೀದಿ ಬಾರದ್ದು, ಇವೇ ಮತ್ತೆ ಮತ್ತೆ ಕೇಳಿಬಂದವು. ಆಸ್ಪತ್ರೆ ಖರ್ಚಿನಿಂದ ಕಷ್ಟಕ್ಕೆ ಬಿದ್ದ ಮನೆಗಳೂ ಇದ್ದವು. ಅಲ್ಲಿ ಸಭೆಯೇ ಕೊಡಬೇಕು, ಕೇಳುವುದಲ್ಲ. ಅಂಥ ಮನೆಯನ್ನು ಪಟ್ಟಿಯಿಂದ ತೆಗೆದು ಅಯ್ಯನವರಿಗೆ ನೇರವಾಗಿ ತಿಳಿಸುವ ಏರ್ಪಾಡು ಮೊದಲೇ ಇರಲಿ.

ರಸೀದಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಕೊಡುವವರನ್ನು ಉಳಿಸಿಕೊಳ್ಳುವುದು ಹೆಚ್ಚಾಗಿ ಅಲ್ಲೇ ನಿಂತಿದೆ. ನಮ್ಮಲ್ಲಿ ಈಗ ನಡೆಯುವ ಕ್ರಮ ಇದು: ಭಾನುವಾರ ಆರಾಧನೆ ಮುಗಿದ ಕೂಡಲೇ ಕಾಣಿಕೆ ಚೀಲಗಳನ್ನು ವೆಸ್ಟ್ರಿಯಲ್ಲಿ (ಚರ್ಚಿನ ಒಳಕೋಣೆಯಲ್ಲಿ) ಒಂದೇ ಮೇಜಿನ ಮೇಲೆ ಸುರಿದು, ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ಇಬ್ಬರು ಎಣಿಸುತ್ತಾರೆ. ಖಜಾಂಚಿ ಎಣಿಸುವುದಿಲ್ಲ, ನೋಡುತ್ತಾರೆ. 500, 200, 100, 50, 20, 10ರ ನೋಟುಗಳು ಎಷ್ಟೆಷ್ಟು, ನಾಣ್ಯ ಎಷ್ಟು ಎಂದು ಎಣಿಕೆ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಚೀಟಿಗೆ ಎರಡು ಪ್ರತಿ. ಒಂದು ಖಜಾಂಚಿಗೆ, ಇನ್ನೊಂದು ಕಾರ್ಯದರ್ಶಿಯ ಫೈಲಿಗೆ. ಬಿಡಿ ಕಾಣಿಕೆ ಬೇರೆ, ಕವರು ಬೇರೆ. ಕವರನ್ನು ತೆರೆದ ಕೂಡಲೇ ಒಳಗಿದ್ದ ಮೊತ್ತವನ್ನು ಕವರಿನ ಮೇಲೆಯೇ ಪೆನ್ನಿನಲ್ಲಿ ಬರೆಯಬೇಕು, ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ವ್ಯತ್ಯಾಸವಿದ್ದರೆ ಇಬ್ಬರೂ ಅಲ್ಲೇ ಸಹಿ ಹಾಕಬೇಕು. ಖಾಲಿ ಕವರುಗಳನ್ನು ಆ ವರ್ಷದ ಆಡಿಟ್ ಮುಗಿಯುವ ತನಕ ಎಸೆಯಬೇಡಿ. ಸೋಮವಾರ ಬ್ಯಾಂಕಿಗೆ ಕಟ್ಟುವ ಮೊತ್ತ ಎಣಿಕೆ ಚೀಟಿಯ ಮೊತ್ತಕ್ಕೆ ಪೈಸೆಗೆ ಪೈಸೆ ಸರಿಯಿರಬೇಕು. ಅದರಿಂದ ಹೂವಿನವರಿಗೆ, ಪ್ಲಂಬರಿಗೆ ಎಂದು ಕೈಯಲ್ಲೇ ಕೊಟ್ಟು ಉಳಿದದ್ದನ್ನು ಕಟ್ಟುವ ಪದ್ಧತಿ ಇದ್ದರೆ ಇಂದೇ ನಿಲ್ಲಿಸಿ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ, ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಮ್ಮ ಮೇಲೆ ಬೊಟ್ಟು ಮಾಡದಂತೆ ಇನ್ನೊಬ್ಬರನ್ನೂ ಜೊತೆಗೆ ಕಳುಹಿಸುವ ಏರ್ಪಾಡನ್ನು ಹೇಳುತ್ತಾನೆ. ಇಬ್ಬರು ಎಣಿಸುವುದು ನಂಬಿಕೆಯಿಲ್ಲದ್ದಕ್ಕಲ್ಲ, ಎಣಿಸುವವರ ಹೆಸರು ಕೆಡದಿರಲಿ ಎಂದು. ಇದನ್ನು ಹಿರಿಯರಿಗೆ ಮನವರಿಕೆ ಮಾಡಲು ಈ ವಾಕ್ಯವನ್ನು ಎದುರಿಗೆ ಇಟ್ಟರೆ ವಾದ ಬೇಗ ಮುಗಿಯುತ್ತದೆ.

ರಸೀದಿ ಮುಂದಿನ ಭಾನುವಾರದೊಳಗೆ ಮನೆ ಸೇರಬೇಕು. ಮೊಬೈಲ್ ಇದ್ದವರಿಗೆ ವಾಟ್ಸ್ಯಾಪ್‌ನಲ್ಲಿ ಪಿಡಿಎಫ್, ಇಲ್ಲದವರಿಗೆ ಕಾಗದ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ಎರಡು ಸಂಗತಿ ನೆನಪಿಡಿ. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ಸಭೆಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ರಸೀದಿಯನ್ನು ಹೇಗೂ ಗುಂಪಿನಲ್ಲಿ ಹಾಕಬಾರದು, ಒಬ್ಬೊಬ್ಬರಿಗೇ ಕಳುಹಿಸಬೇಕು.

ಬ್ಯಾಂಕಿನ ಕೆಲಸವನ್ನು ಇದರ ಜೊತೆಜೊತೆಗೇ ಶುರುಮಾಡಿ, ಹೆಚ್ಚು ಕಾಯಿಸುವುದು ಅದೇ. ಚಂದಾಕ್ಕೆ ಪ್ರತ್ಯೇಕ ಖಾತೆ ಬೇಕೆಂದರೆ ಕಮಿಟಿಯ ಠರಾವು, ಸಭೆ ಅಥವಾ ಅದು ಸೇರಿದ ಟ್ರಸ್ಟಿನ ಪ್ಯಾನ್, ಸಭೆಯ ಸಂವಿಧಾನ (ನಿಯಮಾವಳಿ) ಇಲ್ಲವೇ ಟ್ರಸ್ಟ್ ಡೀಡಿನ ದೃಢೀಕೃತ ಪ್ರತಿ, ಆದಾಯ ತೆರಿಗೆ ವಿನಾಯಿತಿಯ 12ಎಬಿ ನೋಂದಣಿ ಪತ್ರ, ಪದಾಧಿಕಾರಿಗಳ ಪಟ್ಟಿ, ಸಹಿ ಮಾಡುವವರ ಆಧಾರ್, ಪ್ಯಾನ್, ಫೋಟೋ ಕೇಳುತ್ತಾರೆ. ಅನೇಕ ಸಭೆಗಳಿಗೆ ಸ್ವಂತ ಪ್ಯಾನ್ ಇರುವುದಿಲ್ಲ, ಡಯಾಸಿಸಿನದ್ದೇ ಎಲ್ಲರಿಗೂ. ಹಾಗಿದ್ದರೆ ಖಾತೆ ತೆರೆಯಲು ಅಲ್ಲಿಂದ ಅನುಮತಿ ಪತ್ರ ಬೇಕು, ಆ ಪತ್ರ ಬರುವ ತನಕ ಬ್ಯಾಂಕು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪತ್ರದಲ್ಲಿ ಬ್ಯಾಂಕಿನ ಶಾಖೆ, ಖಾತೆಯ ಹೆಸರು, ಮೂವರು ಸಹಿದಾರರಲ್ಲಿ ಯಾವ ಇಬ್ಬರ ಸಹಿ ಬೇಕು ಎಂಬುದೆಲ್ಲ ಸ್ಪಷ್ಟವಾಗಿರಲಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಮತ್ತೆ ಮೊದಲಿನಿಂದ ಶುರು.

ಕೌಂಟರಿನಲ್ಲಿ ಚರ್ಚು ಎಂದ ಕೂಡಲೇ ಕರೆಂಟ್ ಅಕೌಂಟ್ ಫಾರಂ ಕೊಡುವುದುಂಟು. ಆದಾಯ ತೆರಿಗೆಯಿಂದ ವಿನಾಯಿತಿ ಇರುವ ಸಂಸ್ಥೆಗೆ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ನೋಂದಣಿ ಪತ್ರದ ಪ್ರತಿ ತೋರಿಸಿ ಅದನ್ನೇ ಕೇಳಿ, ಬಡ್ಡಿಯಾದರೂ ಬರುತ್ತದೆ. ಇನ್ನೊಂದು ಅನಿರೀಕ್ಷಿತ ತಡೆ ದರ್ಪಣ್. ಲಾಭರಹಿತ ಸಂಸ್ಥೆಗಳ ವಿವರ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಇರುವಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಕೆವೈಸಿ ನಿರ್ದೇಶನದಲ್ಲಿ ಹೇಳಿದೆ. ಆ ನಂಬರು ಇಲ್ಲವೆಂದರೆ ಫೈಲು ಅಲ್ಲೇ ಕೂರುತ್ತದೆ. ನೋಂದಣಿಗೆ ಶುಲ್ಕವಿಲ್ಲ, ಆದರೆ ಸಂಸ್ಥೆಯ ಪ್ಯಾನಿನಲ್ಲಿರುವ ಹೆಸರೂ ಡೀಡಿನ ಹೆಸರೂ ಒಂದೇ ರೀತಿ ಇರಬೇಕು. ‘ಚರ್ಚ್’ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲು ಪ್ಯಾನ್ ತಿದ್ದುಪಡಿ ಆಗಬೇಕು.

ಖಾತೆ ಆದ ಮೇಲೆ ಕ್ಯೂಆರ್ ಕೋಡ್. ಒಂದೇ ಕೋಡನ್ನು ಚರ್ಚಿನ ಬಾಗಿಲಿಗೆ ಅಂಟಿಸಿದರೆ ಹಣ ಬರುತ್ತದೆ, ಯಾರದ್ದೆಂದು ತಿಳಿಯುವುದಿಲ್ಲ. ವ್ಯಾಪಾರಿ ಕ್ಯೂಆರ್ ಆದರೆ ಕೆಲವು ಕಡೆ ಇಡೀ ದಿನದ ಹಣ ಒಂದೇ ಸಾಲಾಗಿ ಖಾತೆಗೆ ಜಮೆಯಾಗುತ್ತದೆ, ಬಿಡಿ ವಿವರ ಆ್ಯಪ್‌ನಲ್ಲಿ ಮಾತ್ರ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ‘ರಿಮಾರ್ಕ್ಸ್‌ನಲ್ಲಿ ಕುಟುಂಬ ಸಂಖ್ಯೆ ಬರೆಯಿರಿ’ ಎಂದು ಪ್ರತಿ ಭಾನುವಾರ ಪ್ರಕಟಣೆ ಮಾಡಿದರೂ ಬರೆಯುವವರು ಕಡಿಮೆ. ಇದಕ್ಕೆ ಪರಿಹಾರ ಪ್ರತಿ ಮನೆಗೂ ಅದರದ್ದೇ ಕ್ಯೂಆರ್. ಯುಪಿಐ ಕೋಡಿನೊಳಗೆ ಪಿಎ ಎಂದರೆ ಪಾವತಿ ವಿಳಾಸ, ಪಿಎನ್ ಎಂದರೆ ಪಡೆಯುವವರ ಹೆಸರು, ಟಿಎನ್ ಎಂದರೆ ಟಿಪ್ಪಣಿ. ಟಿಎನ್ ಜಾಗದಲ್ಲಿ ಕುಟುಂಬ ಸಂಖ್ಯೆಯನ್ನು ಮೊದಲೇ ತುಂಬಿಸಿ ಕೋಡ್ ತಯಾರಿಸಿದರೆ ಸ್ಕ್ಯಾನ್ ಮಾಡಿದಾಗ ಅದು ತಾನೇ ಬರುತ್ತದೆ. ಮೊತ್ತದ ಜಾಗ ಖಾಲಿ ಬಿಡಿ. ಸಭೆಯ ಯುವಜನರಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರು ಸ್ಪ್ರೆಡ್‌ಶೀಟಿನಿಂದ ಎಲ್ಲ ಮನೆಗಳ ಕೋಡನ್ನು ಒಂದೇ ಸಂಜೆಯಲ್ಲಿ ತಯಾರಿಸಬಹುದು. ಮುದ್ರಿಸುವ ಮುಂಚೆ ಮೂರು ಬೇರೆ ಬೇರೆ ಆ್ಯಪ್‌ಗಳಿಂದ ಒಂದೊಂದು ರೂಪಾಯಿ ಕಳುಹಿಸಿ ಟಿಪ್ಪಣಿ ಸ್ಟೇಟ್‌ಮೆಂಟಿಗೆ ಬರುತ್ತದೆಯೇ ನೋಡಿ. ಕೆಲವು ಆ್ಯಪ್‌ಗಳು ಅದನ್ನು ಬಿಟ್ಟುಬಿಡುತ್ತವೆ, ಕೆಲವು ಬ್ಯಾಂಕುಗಳು ಕೊನೆಯ ಅಕ್ಷರಗಳನ್ನು ಕತ್ತರಿಸುತ್ತವೆ. ಅದಕ್ಕೇ ಸಂಖ್ಯೆ ಚಿಕ್ಕದಿರಬೇಕು ಎಂದದ್ದು.

ಈ ಕೋಡನ್ನು ಅಂಗೈಯಗಲದ ದಪ್ಪ ಕಾರ್ಡಿನಲ್ಲಿ ಮುದ್ರಿಸಿ, ಹಿಂದೆ ಹನ್ನೆರಡು ತಿಂಗಳ ಚೌಕ ಹಾಕಿ ಮನೆಗೊಂದರಂತೆ ಕೊಟ್ಟೆವು. ಫ್ರಿಡ್ಜಿನ ಬಾಗಿಲಿಗೋ ಕ್ಯಾಲೆಂಡರಿನ ಪಕ್ಕಕ್ಕೋ ಅಂಟುತ್ತದೆ. ಕೊಟ್ಟ ತಿಂಗಳಿಗೆ ಮನೆಯವರೇ ಗುರುತು ಹಾಕಿಕೊಳ್ಳುತ್ತಾರೆ. ಚಿತ್ರವನ್ನು ವಾಟ್ಸ್ಯಾಪ್‌ನಲ್ಲಿ ಕಳುಹಿಸಿದರೆ ಸಾಲದು. ಗ್ಯಾಲರಿಯಿಂದ ಕ್ಯೂಆರ್ ಎತ್ತಿ ಪಾವತಿಸಿದರೆ ಸಾಮಾನ್ಯವಾಗಿ 2,000 ರೂಪಾಯಿಯ ಮಿತಿ ಅಡ್ಡಬರುತ್ತದೆ, ‘ಹಣ ಹೋಗುತ್ತಿಲ್ಲ’ ಎಂಬ ದೂರು ಹೆಚ್ಚಾಗಿ ಅಲ್ಲಿಂದಲೇ. ಯುಪಿಐ ನೋಂದಣಿಯ ಸಿಮ್ ಸಭೆಯದ್ದೇ ಆಗಿರಬೇಕು, ಖಜಾಂಚಿಯ ಸ್ವಂತ ನಂಬರು ಬೇಡ. ಕಮಿಟಿ ಬದಲಾದಾಗ ನಂಬರು ಅವರೊಂದಿಗೆ ಹೋಗುತ್ತದೆ, ಆಮೇಲೆ ಮನೆಮನೆಯಲ್ಲಿ ಅಂಟಿಸಿದ ಕಾರ್ಡು ಕೆಲಸಕ್ಕೆ ಬಾರದಂತಾಗುತ್ತದೆ. ಕಾರ್ಡು, ಕವರು, ರಸೀದಿ ಪುಸ್ತಕ, ಸಿಮ್‌ನ ರೀಚಾರ್ಜ್ ಎಲ್ಲ ಸೇರಿದರೂ ಖರ್ಚು ಒಂದು ಬೆಳೆ ಹಬ್ಬದ ಶಾಮಿಯಾನದ ಬಾಡಿಗೆಯನ್ನು ದಾಟಲಿಲ್ಲ.

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ವ್ಯವಸ್ಥೆ ಬೇಕೆಂದು ಯುವ ಕುಟುಂಬಗಳು ಕೇಳುತ್ತವೆ. ಇದಕ್ಕೆ ಮೂರು ದಾರಿ: ಪೇಮೆಂಟ್ ಕಂಪನಿಯ ಮೂಲಕ ಯುಪಿಐ ಆಟೋಪೇ, ಬ್ಯಾಂಕಿನ ಮೂಲಕ ಇ-ನ್ಯಾಚ್, ಇಲ್ಲವೇ ಕೊಡುವವರು ತಮ್ಮ ನೆಟ್‌ಬ್ಯಾಂಕಿಂಗಿನಲ್ಲಿ ತಾವೇ ಹಾಕಿಕೊಳ್ಳುವ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಆಟೋಪೇಯಲ್ಲಿ 15,000 ರೂಪಾಯಿ ತನಕ ಪ್ರತಿ ಸಲ ಪಿನ್ ಹಾಕುವ ಅಗತ್ಯವಿಲ್ಲ, ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಹೋಗುತ್ತದೆ. ಆದರೆ ಅದಕ್ಕೆ ಪೇಮೆಂಟ್ ಕಂಪನಿಯೊಂದಿಗೆ ಒಪ್ಪಂದ, ವೆಬ್‌ಸೈಟು, ದಾನ ಪಡೆಯುವ ಸಂಸ್ಥೆಯೆಂಬ ದಾಖಲೆ, ಪ್ರತಿ ವ್ಯವಹಾರಕ್ಕೆ ಶುಲ್ಕ ಎಲ್ಲ ಇವೆ. ಇ-ನ್ಯಾಚ್‌ನಲ್ಲಿ ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ ಕೊಡುವವರ ಬ್ಯಾಂಕೇ ಅವರಿಗೆ ದಂಡ ಹಾಕುತ್ತದೆ, ಹಲವು ಕಡೆ ಅದು 250ರಿಂದ 500 ರೂಪಾಯಿ, ಮೇಲೆ ಜಿಎಸ್‌ಟಿ. 300 ರೂಪಾಯಿ ಚಂದಾಕ್ಕೆ ಅಷ್ಟು ದಂಡ ಬಿದ್ದ ಮನೆ ಮತ್ತೆ ಕೊಡುವುದೇ ಕಷ್ಟ. ಕೆಲವು ನೂರು ಮನೆಗಳ ಸಭೆಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಸಭೆಯ ಕಡೆಯಿಂದ ಒಂದು ಕಾಗದವೂ ಬೇಡ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೊಟ್ಟರಾಯಿತು. ದಿನಾಂಕ ತಿಂಗಳ 5ರಿಂದ 10ರೊಳಗೆ ಇರಲಿ, ಸಂಬಳ ಆಗಿರುತ್ತದೆ.

ಇದರಲ್ಲೊಂದು ಅಡಗಿದ ತೊಂದರೆ ಇದೆ. ಹೆಚ್ಚಿನ ಬ್ಯಾಂಕುಗಳು ಇದಕ್ಕೆ ಕೊನೆಯ ದಿನಾಂಕ ಅಥವಾ ಕಂತುಗಳ ಸಂಖ್ಯೆ ಕೇಳುತ್ತವೆ. ಹನ್ನೆರಡು ಎಂದು ಹಾಕಿದವರದ್ದು ಹದಿಮೂರನೇ ತಿಂಗಳು ಸದ್ದಿಲ್ಲದೆ ನಿಲ್ಲುತ್ತದೆ. ಅವರಿಗೂ ಗೊತ್ತಿರುವುದಿಲ್ಲ, ಕೊಡುತ್ತಲೇ ಇದ್ದೇವೆ ಎಂದುಕೊಂಡಿರುತ್ತಾರೆ. ಆದ್ದರಿಂದ ಯಾರದ್ದು ಯಾವ ತಿಂಗಳು ಮುಗಿಯುತ್ತದೆ ಎಂಬ ಒಂದು ಕಾಲಂ ಪಟ್ಟಿಯಲ್ಲಿ ಇರಲೇಬೇಕು, ಅದಕ್ಕೆ ಒಂದು ತಿಂಗಳು ಮೊದಲು ಒಂದು ಸಂದೇಶ. ಕಾರ್ಡಿನ ಮೂಲಕ ಮಾಡಿಸಿದ್ದರೆ ಕಾರ್ಡಿನ ಅವಧಿಗೂ ಇದೇ ಎಚ್ಚರ ಬೇಕು.

ಪರದೇಶದಲ್ಲಿರುವವರ ವಿಷಯದಲ್ಲಿ ಕಾನೂನು ಗೊತ್ತಿಲ್ಲದೆ ಕೈಹಾಕಬೇಡಿ. ದುಬೈಯಲ್ಲಿದ್ದರೂ ಮಸ್ಕತ್ತಿನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಅಮೆರಿಕದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಮ್ಮ ಸಭೆಯಲ್ಲೇ ದೀಕ್ಷಾಸ್ನಾನ ಪಡೆದವರಾದರೂ, ಕೊಟ್ಟದ್ದು ವಿದೇಶಿ ದೇಣಿಗೆ. ಊರಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ ಆ ಹಣ ಬರಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೆ ಮಾತ್ರ. ಅಲ್ಲದೆ 2020ರ ತಿದ್ದುಪಡಿಯ ನಂತರ ಹಾಗೆ ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಾಗಾಗಿ ಹೊರದೇಶದ ಪ್ರತಿಯೊಬ್ಬರಿಂದಲೂ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ ಮತ್ತು ಸಣ್ಣ ಸ್ವಯಂಘೋಷಣೆ ಪಡೆದು ಫೈಲು ಮಾಡಿ, ವರ್ಷಕ್ಕೊಮ್ಮೆ ಕೇಳಿ, ಪೌರತ್ವ ಬದಲಾಗುತ್ತಲೇ ಇರುತ್ತದೆ. ಈ ಕಾಗದ ಕೇಳುವಾಗ ಕೆಲವರಿಗೆ ನೋವಾಗುತ್ತದೆ: “ನಾನು ನಿಮಗೆ ವಿದೇಶಿಯವನಾದೆನಾ?” ಈ ಪ್ರಶ್ನೆಗೆ ನಿಯಮದ ಪ್ರತಿ ಕಳುಹಿಸಿದರೆ ಸಾಲದು. ಸಭೆಯ ಹಿರಿಯರೊಬ್ಬರು ಫೋನಿನಲ್ಲಿ ಮಾತಾಡಬೇಕು, ಅವರ ತಂದೆ-ತಾಯಿ ಊರಿನಲ್ಲಿದ್ದರೆ ಹೋಗಿ ಕಂಡು ಬರಬೇಕು.

ತೆರಿಗೆ ವಿನಾಯಿತಿಯ ಆಸೆ ತೋರಿಸಿ ಕೇಳಬೇಡಿ. ಹೆಚ್ಚಾಗಿ ಧಾರ್ಮಿಕ ಉದ್ದೇಶದ್ದೇ ಆದ ಸಂಸ್ಥೆಗೆ 80ಜಿ (ಕೊಟ್ಟವರಿಗೆ ತೆರಿಗೆ ಕಡಿತ ಸಿಗುವ ಮಾನ್ಯತೆ) ಸಿಗುವುದಿಲ್ಲ, ಆರಾಧನೆಯ ಕಾಣಿಕೆಗೆ ಅದು ಅನ್ವಯಿಸುವುದೂ ಇಲ್ಲ. ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವಿದೆಯೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಆರಾಧನಾ ಸ್ಥಳಗಳ ದುರಸ್ತಿಗೆ ಕೊಟ್ಟದ್ದು ಬೇರೆ ಮಾತು. ಸಭೆಯ ಶಾಲೆ, ಆಸ್ಪತ್ರೆ, ವೃದ್ಧಾಶ್ರಮದ ಟ್ರಸ್ಟಿಗೆ 80ಜಿ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಕಡಿತವಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಕಡಿತವೇ ಇಲ್ಲ. ಇವೆಲ್ಲ 1961ರ ಕಾಯ್ದೆಯ ಸಂಖ್ಯೆಗಳು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿರುವುದರಿಂದ ಸೆಕ್ಷನ್, ಫಾರಂಗಳ ಸಂಖ್ಯೆ ಬದಲಾಗಿದೆ, ರಸೀದಿ ಅಚ್ಚು ಹಾಕಿಸುವ ಮೊದಲು ಆಡಿಟರಿಗೆ ತೋರಿಸಿ. ಕೊಟ್ಟವರ ಹೆಸರು, ವಿಳಾಸ, ಲಭ್ಯವಿದ್ದರೆ ಪ್ಯಾನ್ ಅಥವಾ ಆಧಾರ್ ದಾಖಲಿಸಬೇಕೆಂದು 2022ರ 17ಎಎ ನಿಯಮ ಕೇಳಿತ್ತು. ಕುಟುಂಬ ಸಂಖ್ಯೆಯ ರಿಜಿಸ್ಟರ್ ಇದ್ದ ಕಾರಣ ಆಡಿಟಿನಲ್ಲಿ ಇದಕ್ಕೆಂದು ಬೇರೆ ಪಟ್ಟಿ ಮಾಡಬೇಕಾಗಲಿಲ್ಲ. ಮೂಲನಿಧಿಗೆಂದು (ಖರ್ಚು ಮಾಡದೆ ಕಾದಿಡುವ ನಿಧಿಗೆಂದು) ದೊಡ್ಡ ಮೊತ್ತ ಕೊಡುವವರಿಂದ ಹಾಗೆಂದು ಬರೆದ ಪತ್ರವನ್ನು ಅದೇ ದಿನ ಪಡೆಯಿರಿ. ವರ್ಷದ ಕೊನೆಗೆ ಕೇಳಿದರೆ ಅವರು ಊರಿನಲ್ಲಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ವಾರ್ಷಿಕ ವರದಿಯ ಬಗ್ಗೆ. ಚಂದಾದಾರರ ಹೆಸರು, ಎದುರಿಗೆ ಮೊತ್ತ, ಹೀಗೆ ಅಚ್ಚು ಹಾಕಿ ಹಂಚುವುದು ಅನೇಕ ಹಳೆಯ ಸಭೆಗಳ ರೂಢಿ. 100 ರೂಪಾಯಿ ಕೊಡುವ ವಿಧವೆ ತನ್ನ ಹೆಸರನ್ನು 5,000ದವರ ಪಕ್ಕದಲ್ಲಿ ನೋಡಿ ಮುಂದಿನ ವರ್ಷ ಕೊಡದೇ ಇರುವುದಕ್ಕೆ ಇದೇ ಕಾರಣ. ಹೆಸರು ತೆಗೆಯೋಣ ಎಂದರೆ ಹಿರಿಯರ ಪ್ರಶ್ನೆಯೂ ನ್ಯಾಯವಾದದ್ದೇ: ಹೆಸರಿಲ್ಲದಿದ್ದರೆ ನನ್ನ ಹಣ ಲೆಕ್ಕಕ್ಕೆ ಸೇರಿದೆಯೆಂದು ನಂಬುವುದು ಹೇಗೆ? ಕೊನೆಗೆ ಒಪ್ಪಿಗೆಯಾದ ದಾರಿ, ಹೆಸರಿಲ್ಲದೆ ರಸೀದಿ ಸಂಖ್ಯೆ ಮತ್ತು ಮೊತ್ತ ಮಾತ್ರ ಇರುವ ಪಟ್ಟಿ. ಮೂರು ತಿಂಗಳಿಗೊಮ್ಮೆ ಅದು ಸೂಚನಾ ಫಲಕಕ್ಕೆ ಏರುತ್ತದೆ. ಪ್ರತಿಯೊಬ್ಬರೂ ತಮ್ಮ ರಸೀದಿ ಹಿಡಿದು ತಾಳೆ ನೋಡಬಹುದು, ಬೇರೆಯವರದ್ದು ತಿಳಿಯುವುದಿಲ್ಲ. ಸಂಖ್ಯೆಗಳ ನಡುವೆ ಒಂದೂ ಬಿಟ್ಟುಹೋಗಬಾರದು, ರದ್ದಾದ ರಸೀದಿಯೂ ‘ರದ್ದು’ ಎಂದೇ ಪಟ್ಟಿಯಲ್ಲಿ ಕಾಣಬೇಕು.

ಏಪ್ರಿಲ್‌ನಲ್ಲಿ ಪ್ರತಿ ಮನೆಗೆ ಒಂದು ಪುಟದ ಪತ್ರ ಹೋಗುತ್ತದೆ. ಮೇಲಿನ ಅರ್ಧದಲ್ಲಿ ಆ ಮನೆ ವರ್ಷದಲ್ಲಿ ಕೊಟ್ಟದ್ದು, ತಿಂಗಳುವಾರು. ಕೆಳಗಿನ ಅರ್ಧದಲ್ಲಿ ಸಭೆಯ ಪ್ರತಿ 100 ರೂಪಾಯಿ ಯಾವುದಕ್ಕೆ ಎಷ್ಟು ಹೋಯಿತು ಎಂಬುದು. ಸಂಬಳಕ್ಕೆ ಹೋದದ್ದನ್ನು ಮುಚ್ಚಿಡಬೇಡಿ. ಅದೇ ದೊಡ್ಡ ಪಾಲಾಗಿರುತ್ತದೆ, ಜನರಿಗೂ ಅದು ಗೊತ್ತು. ಪತ್ರದಲ್ಲಿ ಹೊಸ ಬೇಡಿಕೆ ಇರಕೂಡದು, ಕೃತಜ್ಞತೆ ಮಾತ್ರ. ಚಂದಾ ಹೆಚ್ಚಿಸಲು ಕೇಳುವುದಿದ್ದರೆ ಬೆಳೆ ಹಬ್ಬದ ಸಮಯದಲ್ಲಿ, ಬೇರೆ ಪತ್ರದಲ್ಲಿ ಕೇಳಿ. ವಿಶೇಷ ಸಂಗ್ರಹಗಳನ್ನು ವರ್ಷಕ್ಕೆ ಎರಡಕ್ಕೆ ಮಿತಿಗೊಳಿಸಿದ್ದರಿಂದಲೂ ತಿಂಗಳ ಚಂದಾ ಸ್ಥಿರವಾಯಿತು. ಪ್ರತಿ ತಿಂಗಳೂ ಒಂದೊಂದು ಕಾರಣಕ್ಕೆ ಕವರು ಹಂಚಿದರೆ ಮನೆಯವರು ಅದಕ್ಕೆ ಹಾಕಿ ಇದನ್ನು ಬಿಡುತ್ತಾರೆ.

ಕಡಿಮೆ ಕೊಡುವವರನ್ನು ಕಡೆಗಣಿಸಬೇಡಿ, ದೀರ್ಘಕಾಲ ನಿಲ್ಲುವವರು ಹೆಚ್ಚಾಗಿ ಅವರೇ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ಸಭೆಗೆಂದು ತೆಗೆದಿಡುವ ‘ಬುಹ್‌ಫಾಯ್ ಥಮ್’ ಪದ್ಧತಿ ನೂರು ವರ್ಷ ದಾಟಿಯೂ ನಡೆಯುತ್ತಿದೆ. ಕೊಡುವುದು ಮನೆಯ ದಿನಚರಿಯೊಳಗೆ ಸೇರಿಕೊಂಡದ್ದೇ ಅದರ ಬಲ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಗಂಟುಮಾಡಿ ಇಡಿರೆಂದು ಪೌಲನು ಹೇಳಿದ್ದೂ ಇದನ್ನೇ. ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೂ ಈಗ ಅವರದ್ದೇ ಚಿಕ್ಕ ಕವರು ಇದೆ, ಅದರ ಲೆಕ್ಕವನ್ನು ಮಕ್ಕಳ ಎದುರಿಗೇ ಓದುತ್ತಾರೆ.

ಊರು ಬಿಟ್ಟು ಹೋಗುವ ಮನೆಗಳಿಗೆ ನಮ್ಮ ನಿಯಮ ಸ್ಪಷ್ಟ. ಹೊಸ ಊರಿನಲ್ಲಿ ಸಭೆ ಸೇರುವವರಿಗೆ ಸದಸ್ಯತ್ವದ ವರ್ಗಾವಣೆ ಪತ್ರ ತಡಮಾಡದೆ ಕೊಡಬೇಕು, ಚಂದಾ ಅಲ್ಲಿಗೇ ಹೋಗಲಿ. ಬಾಕಿಯಿದೆಯೆಂದು ಪತ್ರ ತಡೆಹಿಡಿಯಬಾರದು. ಅವರ ಹೆಸರು ಚಂದಾ ಪಟ್ಟಿಯಿಂದ ಹೋಗಿ ‘ಊರ ಹೊರಗಿನವರು’ ಪಟ್ಟಿಗೆ ಸೇರುತ್ತದೆ. ಬೆಳೆ ಹಬ್ಬಕ್ಕೂ ಕ್ರಿಸ್ಮಸ್‌ಗೂ ಸಭೆಯ ಸುದ್ದಿ ಅವರಿಗೆ ತಲುಪುತ್ತದೆ, ಹಣ ಕೇಳದೆ. ಉಳಿದುಕೊಂಡ ಮನೆಗಳ ಶೇಕಡಾವಾರು ಲೆಕ್ಕ ಹಾಕುವಾಗ ತೀರಿಕೊಂಡವರನ್ನೂ ವರ್ಗವಾಗಿ ಹೋದವರನ್ನೂ ಹೋದ ವರ್ಷದ ಸಂಖ್ಯೆಯಿಂದ ಕಳೆಯಿರಿ, ಆಗ ಕಮಿಟಿಯ ಕೈಯಲ್ಲಿರುವುದು ಎಷ್ಟು ಎಂಬುದು ಸರಿಯಾಗಿ ಕಾಣುತ್ತದೆ.

ಮುಂದಿನ ಕಮಿಟಿಗೆ ಒಪ್ಪಿಸುವ ಫೈಲಿನಲ್ಲಿ ಇಷ್ಟು ಇರಲಿ: ಕುಟುಂಬ ಸಂಖ್ಯೆಯ ರಿಜಿಸ್ಟರ್, ಪ್ರತಿ ಮನೆಯ ಕೊಡುವ ರೂಢಿ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮುಗಿಯುವ ತಿಂಗಳುಗಳು, ಹೊರದೇಶದವರ ಸ್ವಯಂಘೋಷಣೆಗಳು, ಸಭೆಯ ಸಿಮ್, ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸುವ ಠರಾವಿನ ಮಾದರಿ. ಹೊಸ ಸಹಿದಾರರ ಕೆವೈಸಿಯನ್ನು ಹಳೆಯವರು ಇಳಿಯುವ ಮೊದಲೇ ಬ್ಯಾಂಕಿಗೆ ಕೊಟ್ಟುಬಿಡಿ, ಇಲ್ಲದಿದ್ದರೆ ಬದಲಾವಣೆ ಆಗುವ ತನಕ ಚೆಕ್ ಪಾಸಾಗದೆ ಅಯ್ಯನವರ ಸಂಬಳದ ಪಾಲೂ ಕಟ್ಟಲಾಗುವುದಿಲ್ಲ.